ಬಿಚ್ಚಿ ನೋಡದೆ ಹೇಳಿದ ಮಾತು



ಈ ಪುಟಗಳಲ್ಲಿ ನೀವು ಸಾಮಾನ್ಯವಾಗಿ ನಮಾಝ್, ಉಪವಾಸ, ಝಕಾತ್, ಹೆತ್ತವರ ಹಕ್ಕು, ನೆರೆಯವರ ಹಕ್ಕು ಮುಂತಾದ ವಿಷಯಗಳನ್ನು ಓದುತ್ತೀರಿ. ಇಂದು ನಾನು ಲಾರಿಯ ಎಂಜಿನ್ನಿನ ಬಗ್ಗೆ ಬರೆಯಲು ಹೊರಟಿದ್ದೇನೆ. ಸವೆದು ಹೋದ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಿಸಬೇಕೇ, ಅಥವಾ ಅದನ್ನು ಇಳಿಸಿ ಬೇರೊಂದನ್ನು ಕೂರಿಸಬೇಕೇ ಎಂಬುದು ಪ್ರಶ್ನೆ. ಇದು ಗ್ಯಾರೇಜಿನ ಮಾತು, ಇದಕ್ಕೂ ದೀನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ದಿನ ನಾನೂ ಹಾಗೆಯೇ ಕೇಳಿ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ನಾನು ಕೇಳಲಿಲ್ಲ, ಉತ್ತರವನ್ನೇ ಕೊಟ್ಟುಬಿಟ್ಟೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಮ್ಮ ಅನೇಕ ಮನೆಗಳ ಅನ್ನ ಲಾರಿಯ ಚಕ್ರದ ಮೇಲೆ ನಿಂತಿದೆ. ಮನೆಯಲ್ಲಿ ಒಬ್ಬ ಡ್ರೈವರ್ ಇದ್ದರೆ ಇನ್ನೊಬ್ಬ ಕ್ಲೀನರ್, ಮತ್ತೊಬ್ಬನದು ಪಂಕ್ಚರ್ ಅಂಗಡಿ, ಹಿರಿಯನೊಬ್ಬ ಮಿಸ್ತ್ರಿ. ಹೇಗೋ ಕಷ್ಟಪಟ್ಟು ಒಂದು ಹಳೆಯ ಲಾರಿಯನ್ನು ಸ್ವಂತ ಮಾಡಿಕೊಂಡವನನ್ನು ಓಣಿಯವರು ಮಾಲಕ ಎಂದು ಕರೆಯುತ್ತಾರೆ. ನನ್ನ ಅಕ್ಕನ ಗಂಡ ಅಂಥ ಒಬ್ಬ ಮಾಲಕ. ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿ, 2007ರ ಮಾಡೆಲಿನ ಆರು ಚಕ್ರದ ಟಾಟಾ 1613 ಗಾಡಿಯೊಂದನ್ನು ಎರಡನೆಯ ಕೈಯಿಂದ ಕೊಂಡವರು. ಹಂಗಾಮಿನಲ್ಲಿ ಕಬ್ಬು, ಉಳಿದ ದಿನಗಳಲ್ಲಿ ಗೋವಿನಜೋಳ, ಉಳ್ಳಾಗಡ್ಡಿ, ಹತ್ತಿ.

2022ರ ಡಿಸೆಂಬರ್ ತಿಂಗಳು. ಕಾರ್ಖಾನೆಗಳು ನುರಿಸಲು ಆರಂಭಿಸಿ ಕೆಲವೇ ವಾರಗಳಾಗಿದ್ದವು. ಇಶಾ ನಮಾಝಿನ ನಂತರ ಭಾವ ನಮ್ಮ ಮನೆಗೆ ಬಂದರು. ಗಾಡಿ ನೀಲಿ ಹೊಗೆ ಬಿಡುತ್ತಿತ್ತು. ಎರಡು ಟ್ರಿಪ್ಪಿಗೊಮ್ಮೆ ಎಂಜಿನ್ ಎಣ್ಣೆ ಹಾಕಬೇಕಾಗುತ್ತಿತ್ತು, ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಲೆಯ ಬಾಯಿಯ ಹಾಗೆ ಹೊಗೆ ಉಗುಳುತ್ತಿತ್ತು. ಭರ್ತಿ ಇದ್ದಾಗ ಏರು ಹತ್ತಲು ಏದುತ್ತಿತ್ತು. ಪೂರಾ ಎಂಜಿನ್ ಕೆಲಸಕ್ಕೆ 1,70,000 ರೂಪಾಯಿ ಬೇಕೆಂದು ಒಬ್ಬ ಮಿಸ್ತ್ರಿ ಹೇಳಿದ್ದ. ಹುಬ್ಬಳ್ಳಿಯಲ್ಲಿ ಹಳೆಯ ಎಂಜಿನ್ ಸಿಗುತ್ತದೆ, ಎರಡು ದಿನದಲ್ಲಿ ಕೂರಿಸಿಬಿಡೋಣ ಎಂದು ದಲಾಲನೊಬ್ಬ ಹೇಳಿದ್ದ. ಅಕ್ಕನ ಮಗನಿಗೆ ಮೂರನೆಯ ದಾರಿ ಕಂಡಿತ್ತು: ದಪ್ಪ ಎಣ್ಣೆ ಸುರಿದು ಹೊಗೆ ನಿಲ್ಲಿಸಿ, ಗಾಡಿ ಮಾರಿ, ಫೈನಾನ್ಸಿನಲ್ಲಿ ಹೊಸದು ತರುವುದು.

“ಮಾಸ್ತರ, ನೀ ಓದಿದಾಂವ. ಏನ್ ಮಾಡ್ಲಿ ಹೇಳು,” ಎಂದರು ಭಾವ.

ನಾನು ಮದರಸದಲ್ಲಿ ಕಲಿತವನು, ಬಿ.ಎ.ಯಲ್ಲಿ ಕನ್ನಡ ಓದಿದವನು. ಎರಡೂ ಕಡೆ ಮಾತಾಡಲು ಕಲಿಸುತ್ತಾರೆ. ದುಂದುಗಾರಿಕೆಯನ್ನು ಅಲ್ಲಾಹನು ಮೆಚ್ಚುವುದಿಲ್ಲ ಎಂದೆ. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದನ್ನು ನೆನಪಿಸಿದೆ. ಇರುವುದನ್ನು ರಿಪೇರಿ ಮಾಡಿಸಿಕೊಳ್ಳಿ, ಬಡ್ಡಿಯ ಬಾಗಿಲಿಗೆ ಹೋಗಬೇಡಿ, ಹೊಸದರ ಆಸೆ ಬೇಡ ಎಂದೆ. ಅಕ್ಕ ಒಳಗಿನಿಂದ ಚಹಾ ತಂದಳು. ಎಲ್ಲರಿಗೂ ಸಮಾಧಾನವಾಯಿತು. ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಾಗಿರಲಿಲ್ಲ.

ಆದರೆ ಆ ಎಂಜಿನ್ನಿನ ಒಳಗೆ ಏನಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಭಾವನಿಗೂ ಗೊತ್ತಿರಲಿಲ್ಲ. ಅದನ್ನು ಇನ್ನೂ ಯಾರೂ ಬಿಚ್ಚಿಯೇ ಇರಲಿಲ್ಲ.

ಕೈಯಲ್ಲಿ 1,70,000 ಇರಲಿಲ್ಲ, 50,000 ಇತ್ತು. ‘ರಿಪೇರಿ ಒಳ್ಳೆಯದು’ ಎಂಬ ನನ್ನ ಮಾತು ಇತ್ತು. ಇವೆರಡೂ ಸೇರಿ ಅರ್ಧ ಕೆಲಸವಾಯಿತು. ಹೆಡ್ಡು ತೆಗೆದು, ಹಳೆಯ ಲೈನರುಗಳಲ್ಲಿಯೇ ಹೊಸ ಪಿಸ್ಟನ್ ರಿಂಗು ಹಾಕಿ, ಕೆಳಗೆ ಬೇರಿಂಗು ಬದಲಿಸಿ, 48,000ದಲ್ಲಿ ಗಾಡಿಯನ್ನು ಮತ್ತೆ ರಸ್ತೆಗೆ ಬಿಟ್ಟರು. ಕ್ರ್ಯಾಂಕ್ ಶಾಫ್ಟನ್ನು ಹೊರಗೆ ತೆಗೆದು ಅಳೆಯಿಸಲಿಲ್ಲ. ಹಂಗಾಮು ನಡೆದಿತ್ತು, ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಾಗಿತ್ತು, ಗಾಡಿ ನಿಂತ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತಿತ್ತು.

ಸುಮಾರು ನಲವತ್ತು ದಿನ ಓಡಿತು. ಆಮೇಲೆ ಒಂದು ರಾತ್ರಿ, ಸವದತ್ತಿ ಕಡೆಯ ಹೊಲದಿಂದ ಕಬ್ಬು ತುಂಬಿಕೊಂಡು ಬೈಲಹೊಂಗಲದತ್ತ ಬರುವಾಗ, ಏರಿನ ನಡುವೆ ಕ್ರ್ಯಾಂಕ್ ತುಂಡಾಯಿತು. ಕನೆಕ್ಟಿಂಗ್ ರಾಡು ಬ್ಲಾಕನ್ನು ಒಡೆದು ಹೊರಗೆ ಬಂತು. ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿತು. ಗಾಡಿ ಓಡಿಸುತ್ತಿದ್ದವನು ಇಪ್ಪತ್ತಮೂರು ವರ್ಷದ ಹುಡುಗ, ಮದುವೆಯಾಗಿ ಆರು ತಿಂಗಳಾಗಿತ್ತು. ಎಂಜಿನ್ ನಿಂತ ಗಾಡಿಯಲ್ಲಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಉಳಿದಿದ್ದ ಗಾಳಿಯಿಂದಲೇ ಅವನು ಗಾಡಿಯನ್ನು ಹಿಡಿದು, ಕ್ಲೀನರ್ ಹುಡುಗ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವವರೆಗೆ ಕಾಲು ತೆಗೆಯಲಿಲ್ಲ. ಹಿಂದೆ ಎರಡು ಎತ್ತಿನ ಗಾಡಿಗಳು ಬರುತ್ತಿದ್ದವು. ಅಲ್ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಮರುದಿನ ನನ್ನನ್ನು ಕಂಡಾಗ ಸಲಾಂ ಹೇಳಿ ನಕ್ಕ. ಆ ನಗು ನನಗೆ ಬಹಳ ದಿನ ಭಾರವಾಗಿತ್ತು.

ಬೆಳಿಗ್ಗೆ ಕಬ್ಬಿನ ಒಡೆಯ ಬಂದರು. “ಸಾಹೇಬ್ರ, ಕಬ್ಬ ಒಣಗಾಕತ್ತೈತ್ರಿ. ನಂದೇನ್ ತಪ್ಪ?” ಎಂದರು. ಕಡಿದ ಕಬ್ಬು ದಿನ ಕಳೆದಂತೆ ತೂಕ ಕಳೆದುಕೊಳ್ಳುತ್ತದೆ, ಅದರೊಳಗಿನ ಸಕ್ಕರೆಯೂ ಇಳಿಯುತ್ತದೆ. ರೈತನಿಗೆ ಹಣ ಸಿಗುವುದು ಕಾರ್ಖಾನೆಯ ತೂಕದ ಕಾಟಾದಲ್ಲಿ ಬಂದ ಟನ್ನಿನ ಮೇಲೆ. ಬೇರೆ ಗಾಡಿ ತಂದು, ಮಾಲು ಹೇರಿಸಿ ಕಳುಹಿಸುವಷ್ಟರಲ್ಲಿ ಎರಡು ದಿನ ಹೋಯಿತು. ಭಾವ ಆ ಟ್ರಿಪ್ಪಿನ ಬಾಡಿಗೆಯನ್ನು ತೆಗೆದುಕೊಳ್ಳಲಿಲ್ಲ, ಮೇಲೆ ಸ್ವಲ್ಪ ಹಣವನ್ನೂ ಕೊಟ್ಟರು. ಕೊಡಬೇಕಾದ್ದೇ ಸರಿ ಎಂದು ನಾನು ಹೇಳಿದೆ. ಹೇಳುವಾಗ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸಿ. ನನ್ನ ತಪ್ಪು ಯಾವುದು? ದುಂದು ಬೇಡ ಎಂದದ್ದು ತಪ್ಪೇ? ಬಡ್ಡಿ ಬೇಡ ಎಂದದ್ದು ತಪ್ಪೇ? ಖಂಡಿತ ಅಲ್ಲ. ಫಿಕ್ಹ್ ಕಲಿಸುವ ಉಸ್ತಾದರು ನಮಗೆ ಮೊದಲ ವರ್ಷವೇ ಒಂದು ಸೂತ್ರವನ್ನು ಬಾಯಿಪಾಠ ಮಾಡಿಸಿದ್ದರು. ಒಂದು ವಿಷಯದ ಮೇಲೆ ತೀರ್ಪು ಕೊಡುವುದು ಆ ವಿಷಯದ ರೂಪ ಮನಸ್ಸಿಗೆ ಸರಿಯಾಗಿ ಬಂದ ಮೇಲಿನ ಮಾತು ಎಂಬುದು ಅದರ ಸಾರ. ಮಸ್‌ಅಲಾ ಕೇಳಲು ಬಂದವನಿಗೆ ಉತ್ತರ ಕೊಡುವ ಮೊದಲು ಹತ್ತು ಪ್ರಶ್ನೆ ತಿರುಗಿ ಕೇಳುತ್ತಿದ್ದ ಆ ಉಸ್ತಾದರನ್ನು ಕಂಡು ನಾವು ಹುಡುಗರು ಹಿಂದಿನಿಂದ ನಗುತ್ತಿದ್ದೆವು. ಸೂತ್ರ ನನ್ನ ನಾಲಿಗೆಯ ಮೇಲಿತ್ತು, ಭಾವನ ಮುಂದೆ ಕೂತಾಗ ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ಘಟನೆ ನಿಮಗೆ ಗೊತ್ತೇ ಇದೆ, ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಮದೀನಾದ ಜನ ಖರ್ಜೂರದ ಗಂಡು ಹೂವನ್ನು ಹೆಣ್ಣು ಮರಕ್ಕೆ ಕಟ್ಟುತ್ತಿದ್ದುದನ್ನು ಪ್ರವಾದಿವರ್ಯರು(ಸ) ಕಂಡರು. ಅದರಿಂದ ಪ್ರಯೋಜನವಿದೆ ಎಂದು ತಮಗೆ ಅನಿಸುವುದಿಲ್ಲ ಎಂಬರ್ಥದ ಮಾತಾಡಿದರು. ಜನ ಬಿಟ್ಟುಬಿಟ್ಟರು, ಆ ವರ್ಷ ಫಸಲು ಕಡಿಮೆಯಾಯಿತು. ವಿಷಯ ತಿಳಿದಾಗ ಅವರು, ಇಂಥ ಲೌಕಿಕ ಕಸುಬಿನ ಸಂಗತಿಗಳು ನಿಮಗೇ ಹೆಚ್ಚು ಗೊತ್ತು ಎಂದು ಸ್ಪಷ್ಟಪಡಿಸಿದರು. ಅಲ್ಲಾಹನ ಸಂದೇಶವಾಹಕರೇ ತೋಟಗಾರನ ಅರಿವಿಗೆ ಅಷ್ಟು ಜಾಗ ಬಿಟ್ಟಿರುವಾಗ, ಒಂದು ಮದರಸದ ಸನದು ಹಿಡಿದ ನಾನು ಮಿಸ್ತ್ರಿಯ ಕಸುಬಿನೊಳಗೆ ಹದೀಸ್ ಹಿಡಿದುಕೊಂಡು ನುಗ್ಗಿದ್ದೆ. ಹರಿದ ಚಪ್ಪಲಿಯನ್ನು ಹೊಲಿಯುವಾಗ ಚರ್ಮ ಹೊಲಿಗೆ ತಾಳುತ್ತದೆಯೋ ಇಲ್ಲವೋ ಎಂಬುದು ಕೈಗೆ ತಿಳಿಯುತ್ತದೆ. ಎಂಜಿನ್ನಿನ ಸ್ಥಿತಿ ಹಾಗೆ ಕೈಗೆ ತಿಳಿಯುವಂಥದಲ್ಲ, ಬಿಚ್ಚಿ ಅಳೆಯಬೇಕು.

ಆ ಮೇಲೆ ನಾನು ರಜೆಯ ದಿನಗಳಲ್ಲಿ ಗ್ಯಾರೇಜಿನ ಮೂಲೆಯಲ್ಲಿ ಕೂತು ನೋಡಿದೆ. ಕಿತ್ತೂರಿನ ಹೆದ್ದಾರಿಯ ಬದಿಗೆ ಕೆಲಸ ಮಾಡುವ ಒಬ್ಬ ವಯಸ್ಸಾದ ಮಿಸ್ತ್ರಿಯವರು ಬೇಸರವಿಲ್ಲದೆ ತೋರಿಸಿದರು. ಅವರಿಂದ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಲಾರಿ ಇದ್ದರೆ ಉಪಯೋಗಕ್ಕೆ ಬಂದೀತು.

ಹೊಗೆಯ ಬಣ್ಣ ನೋಡಿ ಎಂಜಿನ್ ಹೋಯಿತು ಎಂದು ಹೇಳುವವರು ಬಹಳ. ಕಪ್ಪು ಹೊಗೆಗೆ ಎಷ್ಟೋ ಸಲ ಕಟ್ಟಿಕೊಂಡ ಏರ್ ಫಿಲ್ಟರೋ ಕೆಟ್ಟ ಇಂಜೆಕ್ಟರೋ ಕಾರಣ. ಬಿಳಿ ಹೊಗೆ ಉರಿಯದ ಡೀಸೆಲ್ಲಿನದೂ ಇರಬಹುದು, ಗ್ಯಾಸ್ಕೆಟ್ ಹೋಗಿ ಒಳಗೆ ಇಳಿದ ನೀರಿನದೂ ಇರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ, ಆದರೆ ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದ ಸೀಲು ಸೋರಿದರೂ ಅದೇ ಹೊಗೆ. ಆದ್ದರಿಂದ ಬಿಚ್ಚುವ ಮೊದಲು ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ನೋಡಬೇಕು, ಎಣ್ಣೆಯ ಒತ್ತಡ ನೋಡಬೇಕು. ಕಿತ್ತೂರಿನ ಕಡೆಯ ಒಬ್ಬರು ಇದ್ಯಾವುದನ್ನೂ ಮಾಡಿಸದೆ, ‘ಗಾಡಿ ಮುದಿಯಾಯಿತು’ ಎಂದು ಸಾಲ ಮಾಡಿ ಹೊಸ ಲಾರಿ ತಂದರು. ಅವರ ಹಳೆಯ ಲಾರಿಯನ್ನು ಕೊಂಡವನು ಇಂಜೆಕ್ಟರ್ ಮತ್ತು ಪಂಪು ಸರಿಮಾಡಿಸಿ ಇಂದಿಗೂ ಓಡಿಸುತ್ತಿದ್ದಾನೆ. ಹೊಸ ಲಾರಿ ಕಂತು ಕಟ್ಟಲಾಗದೆ ಫೈನಾನ್ಸಿನವರ ಅಂಗಳ ಸೇರಿತು. ನಾನು ಜಿಪುಣತನದ ಕಡೆಯಿಂದ ಜಾರಿದೆ, ಅವರು ಶಾನಿನ ಕಡೆಯಿಂದ ಜಾರಿದರು. ಅಳತೆಯನ್ನು ಇಬ್ಬರೂ ಕೇಳಲಿಲ್ಲ.

ಎಂಜಿನ್ ನಿಜವಾಗಿಯೂ ಸವೆದಿದ್ದರೆ ಬಿಚ್ಚಬೇಕು. ನಮ್ಮ ಭಾಗದಲ್ಲಿ ಸವೆತಕ್ಕೆ ದೊಡ್ಡ ಕಾರಣ ಧೂಳು. ಎರಿ ಹೊಲದ ಕಬ್ಬಿನ ದಾರಿಗಳಲ್ಲಿ ಒಂದು ಹಂಗಾಮಿಗೆ ಫಿಲ್ಟರ್ ಎಷ್ಟು ಧೂಳು ಕುಡಿಯುತ್ತದೆ ಎಂಬುದನ್ನು ಅದನ್ನು ಜಾಡಿಸುವ ಕ್ಲೀನರ್ ಹುಡುಗನೇ ಬಲ್ಲ. ಫಿಲ್ಟರಿನ ನಂತರದ ಪೈಪಿನಲ್ಲಿ ಒಂದು ಸಣ್ಣ ಸೀಳಿದ್ದರೂ ಆ ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ಅರೆಯುತ್ತದೆ. ಸಿಲಿಂಡರು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಮೇಲ್ಭಾಗದಲ್ಲಿ, ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಹೆಚ್ಚು ಸವೆಯುತ್ತದೆ, ಗುಂಡಗಿದ್ದದ್ದು ಕೊಂಚ ಮೊಟ್ಟೆಯಾಕಾರವಾಗುತ್ತದೆ. ಅದಕ್ಕಾಗಿ ಮೇಲೆ, ನಡುವೆ, ಕೆಳಗೆ ಮೂರೂ ಕಡೆ, ಅಡ್ಡ ಉದ್ದ ಎರಡೂ ಬಗೆಯಲ್ಲಿ ಅಳೆಯುತ್ತಾರೆ. ಅಂಥ ಲೈನರಿನಲ್ಲಿ ಹೊಸ ರಿಂಗು ಹಾಕಿದರೆ ನಾಲ್ಕು ದಿನ ಹೊಗೆ ನಿಲ್ಲುತ್ತದೆ, ಅಷ್ಟೇ. ನಮ್ಮದು ಹಾಗೆಯೇ ಆಯಿತು.

ಕ್ರ್ಯಾಂಕಿನ ಮಾತು ಇನ್ನೂ ಸೂಕ್ಷ್ಮ. ಅದು ತಿರುಗುವ ಜಾಗಗಳು ಗೀರು ಬಿದ್ದರೆ ಲೇತ್ ಅಂಗಡಿಯಲ್ಲಿ ಗ್ರೈಂಡಿಂಗ್ ಮಾಡಿ, ತೆಳುವಾದಷ್ಟಕ್ಕೆ ದಪ್ಪನೆಯ ಬೇರಿಂಗು ಹಾಕುತ್ತಾರೆ. 0.25, 0.50, 0.75, 1.00 ಮಿಲಿಮೀಟರ್ ಎಂದು ಅದಕ್ಕೆ ಮೆಟ್ಟಿಲುಗಳಿವೆ. ಗ್ಯಾರೇಜಿನಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎನ್ನುತ್ತಾರೆ. ಕಂಪನಿ ಹೇಳಿದ ಕೊನೆಯ ಮೆಟ್ಟಿಲು ಮುಗಿದ ಮೇಲೆ ಆ ಕ್ರ್ಯಾಂಕಿಗೆ ಗುಜರಿಯೇ ಗತಿ. ಅಳತೆ ಸರಿಯಿದ್ದರೂ ಮೂಲೆಯ ದುಂಡಗಿನ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು, ಬಣ್ಣ ಹಚ್ಚಿ ಇಲ್ಲವೇ ಅಯಸ್ಕಾಂತದಿಂದ ಅದನ್ನು ಪರೀಕ್ಷಿಸುತ್ತಾರೆ. ತುಂಡಾದ ನಮ್ಮ ಕ್ರ್ಯಾಂಕನ್ನು ತಿರುಗಿಸಿ ಹಿರಿಯ ಮಿಸ್ತ್ರಿಯವರು ತೋರಿಸಿದರು. ಮುರಿದ ಜಾಗದ ಅರ್ಧ ಭಾಗ ಕಪ್ಪಗೆ, ನುಣುಪಾಗಿತ್ತು. ಉಳಿದ ಅರ್ಧ ಹೊಸದಾಗಿ ಹೊಳೆಯುತ್ತಿತ್ತು. ಕಪ್ಪು ಭಾಗ ಎಂದೋ ಬಿರುಕು ಬಿಟ್ಟದ್ದು, ಹೊಳೆಯುವುದು ಆ ರಾತ್ರಿ ಮುರಿದದ್ದು.

“ಅವತ್ತ ಬಿಚ್ಚಿದ್ರ ಕಾಣತಿತ್ತೇನ್ರಿ?” ಎಂದು ಕೇಳಿದೆ.

“ಕಾಣದೇನ್ರಿ ಮಾಸ್ತರ. ಆದ್ರ ಬಿಚ್ಚದ ಹ್ಯಾಂಗ ಹೇಳೂದು?” ಎಂದರು. ಅವರು ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ.

ಹಾಗಾದರೆ ಯಾವಾಗ ಕಟ್ಟಿಸಬೇಕು, ಯಾವಾಗ ಬದಲಿಸಬೇಕು? ಬ್ಲಾಕು ಗಟ್ಟಿಯಿದ್ದು, ಕ್ರ್ಯಾಂಕಿಗೆ ಇನ್ನೂ ಮೆಟ್ಟಿಲು ಉಳಿದಿದ್ದು, ಹೆಡ್ಡಿನಲ್ಲಿ ಬಿರುಕಿಲ್ಲದಿದ್ದರೆ ಪೂರಾ ಕೆಲಸ ಮಾಡಿಸುವುದೇ ಸರಿ ಎಂದು ಅವರ ಅಭಿಪ್ರಾಯ. ಈ ಎಂಜಿನ್ನುಗಳನ್ನು ಮಾಡುವಾಗಲೇ ಮತ್ತೆ ಕಟ್ಟುವ ಆಲೋಚನೆಯಿಂದ ಮಾಡಿರುತ್ತಾರೆ, ಲೈನರ್ ಎಂಬುದು ಇರುವುದೇ ಬದಲಿಸಲಿಕ್ಕೆ. ಟಾಟಾದವರು 1954ರಿಂದ 1969ರವರೆಗೆ ಜರ್ಮನಿಯ ಬೆಂಝ್ ಕಂಪನಿಯ ಜೊತೆಗೂಡಿ ಮಾಡಿದ ಲಾರಿಗಳನ್ನು ನಮ್ಮ ಅಜ್ಜಂದಿರು ಹೀಗೆ ಮತ್ತೆ ಮತ್ತೆ ಕಟ್ಟಿಸಿಯೇ ಓಡಿಸಿದರು. ಆದರೆ ಬ್ಲಾಕು, ಕ್ರ್ಯಾಂಕು, ಹೆಡ್ಡು ಮೂರರಲ್ಲಿ ಎರಡು ಹೋಗಿದ್ದರೆ ಬಿಡಿಭಾಗಗಳ ಲೆಕ್ಕ ಬೇರೆ ಎಂಜಿನ್ನಿನ ಬೆಲೆಯನ್ನು ದಾಟುತ್ತದೆ. ಇದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಗೇರ್ ಬಾಕ್ಸು, ಕ್ರೌನು, ಚಾಸಿ ಇವು ಇನ್ನೆಷ್ಟು ವರ್ಷ ಬಾಳುತ್ತವೆ? ಚಾಸಿ ತುಕ್ಕು ಹಿಡಿದ ಗಾಡಿಗೆ ಹೊಸ ಎಂಜಿನ್ ಕೂರಿಸುವುದೂ ದುಂದುಗಾರಿಕೆಯೇ. ಅದು ರಿಪೇರಿಯ ಹೆಸರಿನಲ್ಲಿ ಬರುವುದರಿಂದ ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ.

ನೋಡದೆ ನಿರ್ಧರಿಸುವುದರ ಬೆಲೆಯನ್ನು ರಾಮದುರ್ಗದವರು ಬೇರೆ ರೀತಿಯಲ್ಲಿ ಕಂಡಿದ್ದಾರೆ. 2019ರ ಆಗಸ್ಟಿನಲ್ಲಿ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಓಣಿಗಳಿಗೇ ನೀರು ನುಗ್ಗಿತು. ಅಲ್ಲಿಯ ನನ್ನ ಪರಿಚಿತರೊಬ್ಬರ ಲಾರಿಯೂ ಮುಳುಗಿತ್ತು. ನೀರಿಳಿದ ಮೇಲೆ ಎಲ್ಲರೂ ಸೆಲ್ಫ್ ಹೊಡೆದು ನೋಡು ಎಂದರು. ಅವರು ಹೊಡೆಯಲಿಲ್ಲ. ಮೊದಲು ಇಂಜೆಕ್ಟರುಗಳನ್ನು ಬಿಚ್ಚಿ, ಸಿಲಿಂಡರಿನ ನೀರು ತೆಗೆಸಿ, ಎಣ್ಣೆ ಬದಲಿಸಿ, ಕೈಯಿಂದ ತಿರುಗಿಸಿ ನೋಡಿದರು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ನೀರು ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಅವಸರದಿಂದ ಸೆಲ್ಫ್ ಹೊಡೆದ ಪಕ್ಕದ ಗಾಡಿಗೆ ಅದೇ ಆಯಿತು. ಸಂಕಟದ ಹೊತ್ತಿನಲ್ಲಿ ಎರಡು ದಿನ ಕಾಯುವುದಕ್ಕೆ ಸಬ್ರ್ ಎಂದು ಹೆಸರು ಕೊಟ್ಟರೆ ಅವರು ನಕ್ಕಾರು. ‘ಮಿಸ್ತ್ರಿ ಹೇಳಿದ್ದ, ಕೇಳಿದೆ’ ಎಂದಷ್ಟೇ ಅವರು ಹೇಳುತ್ತಾರೆ.

ಬಡವನಿಗೆ ಕಾಯುವುದು ಸುಲಭವಲ್ಲ ಎಂಬುದನ್ನೂ ಮರೆಯಬಾರದು. ಸಾರಿಗೆ ಸಂಸ್ಥೆಗಳ ಬಸ್ಸಿನ ಎಂಜಿನ್ ಸವೆದಾಗ ಸಿದ್ಧವಾಗಿಟ್ಟ ಬೇರೊಂದು ಎಂಜಿನ್ನನ್ನು ಕೂರಿಸಿ ಬಸ್ಸನ್ನು ಮಾರ್ಗಕ್ಕೆ ಬಿಡುತ್ತಾರೆ, ಇಳಿಸಿದ್ದನ್ನು ಕಾರ್ಯಾಗಾರದಲ್ಲಿ ನಿಧಾನವಾಗಿ ಬಿಚ್ಚಿ ಕಟ್ಟುತ್ತಾರೆ. ಅಲ್ಲಿ ಬದಲಿಸುವುದೂ ಕಟ್ಟುವುದೂ ಒಟ್ಟಿಗೇ ನಡೆಯುತ್ತವೆ. ಒಂದೇ ಲಾರಿಯ ಮಾಲಕನಿಗೆ ಆ ಅನುಕೂಲವಿಲ್ಲ. ಅವನ ಗಾಡಿ ಬಿಚ್ಚಿ ಹರಡಿದಾಗ ಅವನ ಮನೆಯೂ ಬಿಚ್ಚಿ ಹರಡಿರುತ್ತದೆ. ‘ಪೂರಾ ಕೆಲಸ ಮಾಡಿಸು’ ಎಂದು ಬಿಟ್ಟಿ ಸಲಹೆ ಕೊಡುವವನು, ಆ ಇಪ್ಪತ್ತು ದಿನ ಅವನ ಮಕ್ಕಳು ಏನು ತಿನ್ನುತ್ತಾರೆ ಎಂದೂ ಕೇಳಬೇಕು. ಡ್ರೈವರಿನ ಪಗಾರದ ಮಾತೂ ಇಲ್ಲಿಯೇ ಬರುತ್ತದೆ. ಗಾಡಿ ನಿಂತ ದಿನಗಳಿಗೆ ಡ್ರೈವರಿಗೆ ಪಗಾರವಿಲ್ಲ ಎಂಬುದು ನಮ್ಮಲ್ಲಿ ನಡೆದು ಬಂದ ರೂಢಿ. ಆದರೆ ಗಾಡಿ ನಿಂತದ್ದು ಮಾಲಕನ ನಿರ್ಧಾರದಿಂದ. ಅದೂ ನನ್ನಂಥವನ ಮಾತು ಕೇಳಿ ಮಾಡಿದ ನಿರ್ಧಾರದಿಂದ. ಭಾವ ಆ ಹುಡುಗನಿಗೆ ಅರ್ಧ ಪಗಾರ ಕೊಟ್ಟರು, ಉಳಿದರ್ಧವನ್ನು ನಾನು ಕೊಟ್ಟೆ. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಸಲಹೆಗೂ ಒಂದು ಹೊಣೆಯಿದೆಯೇ ಎಂದು ನೀವು ಕೇಳಿದರೆ, ಇದೆ ಎಂದು ನನಗೆ ಅನ್ನಿಸುತ್ತದೆ. ಹಣದ ರೂಪದಲ್ಲಿ ಎಷ್ಟು ಎಂಬುದನ್ನು ಉಲಮಾಗಳು ಹೇಳಲಿ.

ಬ್ಲಾಕು ಒಡೆದ ಮೇಲೆ ಕಟ್ಟಿಸುವ ಮಾತೇ ಉಳಿಯಲಿಲ್ಲ. ಹುಬ್ಬಳ್ಳಿಗೆ ಹೋದೆವು. ಅಲ್ಲಿ ಎರಡು ಎಂಜಿನ್ ಕಂಡೆವು. ಒಂದು 95,000. ಬಿಲ್ಲಿಲ್ಲ, ಯಾವ ಗಾಡಿಯದೆಂದು ಕೇಳಿದರೆ ಮಾತು ತೇಲಿಸಿದರು, ನಂಬರು ಕೊರೆದ ಜಾಗದಲ್ಲಿ ಉಜ್ಜಿದ ಗುರುತಿತ್ತು. ಇನ್ನೊಂದು 1,40,000, ನೋಂದಣಿ ರದ್ದಾಗಿ ಗುಜರಿಗೆ ಹೋದ ಗಾಡಿಯದು, ಅದರ ಕಾಗದ ಇತ್ತು. ಹೆಡ್ಡು ತೆಗೆದು ತೋರಿಸಲೂ ಅವರು ಒಪ್ಪಿದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಭಾವನೇ ಉಜ್ಜಿದ ನಂಬರಿನ ಮೇಲೆ ಬೆರಳಾಡಿಸಿ, “ಇದು ಯಾರದೋ ಕಣ್ಣೀರು,” ಎಂದು ಎದ್ದರು. 45,000ದ ಅಂತರ ಸಣ್ಣದಲ್ಲ. ಕದ್ದ ವಸ್ತುವನ್ನು ಅಗ್ಗಕ್ಕೆ ಕೊಂಡವನು ತಾನು ಕದಿಯಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು, ಆದರೆ ಕಳ್ಳನಿಗೆ ಪೇಟೆ ಮಾಡಿಕೊಟ್ಟವನು ಅವನೇ ತಾನೇ? ಸಂಶಯದ ವಸ್ತುವನ್ನು ಬಿಡಬೇಕು ಎಂಬುದನ್ನು ನಾವು ಮಾಂಸದ ಅಂಗಡಿಯಲ್ಲಿ ನೆನಪಿಟ್ಟುಕೊಳ್ಳುತ್ತೇವೆ. ಗುಜರಿ ಅಂಗಡಿಯಲ್ಲಿ ಮರೆಯುತ್ತೇವೆ.

ಕಾನೂನಿನ ಮಾತೂ ಇದೆ. ಎಂಜಿನ್ ಬದಲಾದರೆ ಆರ್.ಸಿ.ಯಲ್ಲಿ ಹೊಸ ನಂಬರು ದಾಖಲಾಗಬೇಕು. ಬದಲಾವಣೆಗಳ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಬಹಳ ಮಂದಿ ಇದನ್ನು ಮಾಡಿಸುವುದಿಲ್ಲ. ಅಪಘಾತವಾಗಿ ವಿಮೆಯ ಪ್ರಶ್ನೆ ಬಂದಾಗ ಗಾಡಿಯದೊಂದು ನಂಬರು, ಕಾಗದದ್ದೊಂದು ನಂಬರು ಆಗಿ ಸತ್ತವನ ಮನೆಯವರು ಅಲೆದಾಡಬೇಕಾಗಬಹುದು. ಭಾವ ಬೈಲಹೊಂಗಲದ ಆರ್.ಟಿ.ಓ. ಕಚೇರಿಗೆ ನಾಲ್ಕು ಸಲ ಅಲೆದು ದಾಖಲೆ ಮಾಡಿಸಿದರು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿವರ್ಷ ಫಿಟ್‌ನೆಸ್ ಮಾಡಿಸಬೇಕೆಂಬುದು ನಿಮಗೆ ಗೊತ್ತು. ಹದಿನೈದು ವರ್ಷವಾದ ಕೂಡಲೇ ಲಾರಿಯನ್ನು ಗುಜರಿಗೆ ಹಾಕಲೇಬೇಕು ಎಂದು ನಮ್ಮಲ್ಲಿ ಕೆಲವರು ಹೆದರಿದ್ದಾರೆ. 2023ರ ಏಪ್ರಿಲ್ 1ರಿಂದ ಆ ನಿಯಮ ಬಂದದ್ದು ಸರಕಾರಿ ವಾಹನಗಳಿಗೆ. ಖಾಸಗಿ ಮಾಲಕನ ಗಾಡಿ ನಮ್ಮ ರಾಜ್ಯದಲ್ಲಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಗೆದ್ದರೆ ಓಡಬಹುದು, ಶುಲ್ಕ ಮಾತ್ರ ಹೆಚ್ಚು. ಪರೀಕ್ಷೆಯನ್ನು ಹೇಗೆ ‘ಗೆಲ್ಲುತ್ತಾರೆ’ ಎಂಬುದು ಬೇರೆಯೇ ಲೇಖನವಾದೀತು. ಅಲ್ಲಿ ಹೊಗೆ ಮುಚ್ಚಿಟ್ಟರೂ ಶಾಲೆಯ ಮುಂದೆ ಹಾದು ಹೋಗುವಾಗ ಅದು ಮಕ್ಕಳ ಎದೆಗೇ ಇಳಿಯುತ್ತದೆ. ನನ್ನ ತರಗತಿಯ ಕಿಟಕಿ ರಸ್ತೆಯ ಕಡೆಗೇ ಇದೆ.

ಹಣದ ವಿಷಯ. ಅಕ್ಕ ಎರಡು ಬಳೆ ಮಾರಿದಳು. ಅಡವಿಡಲಿಲ್ಲ, ಮಾರಿದಳು. ಬಡ್ಡಿಗೆ ಅಡವಿಟ್ಟ ಬಳೆ ತಿರುಗಿ ಬಂದದ್ದನ್ನು ತಾನು ಕಂಡಿಲ್ಲ ಎಂಬುದು ಅವಳ ಮಾತು. ಸಾಲದದ್ದಕ್ಕೆ ಪೇಟೆಯ ಒಬ್ಬ ವ್ಯಾಪಾರಿ, ಭಾವನ ಹಳೆಯ ಗೆಳೆಯರು, 40,000 ಕೊಟ್ಟರು. “ಬಡ್ಡಿ ಮಾತ ಬ್ಯಾಡ್ರಿ, ನಿಮ್ಮ ಧರ್ಮ ನನಗ ಗೊತ್ತೈತಿ, ವ್ಯಾಳ್ಯಾಕ್ಕ ಕೊಡ್ರಿ ಅಷ್ಟ,” ಎಂದರು. ಕುರ್‌ಆನಿನ ಅತ್ಯಂತ ಉದ್ದನೆಯ ಸೂಕ್ತ, ಅಲ್‌ಬಕರಃ ಅಧ್ಯಾಯದ 282ನೆಯದು, ಸಾಲವನ್ನು ಬರೆದಿಡುವ ಕುರಿತಾಗಿಯೇ ಇದೆ. ಆ ವ್ಯಾಪಾರಿ ಬೇಡವೆಂದರೂ ಭಾವ ಶಾಲೆಯ ನೋಟುಬುಕ್ಕಿನ ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ತೀರಿತು.

ಇನ್ನು ದಪ್ಪ ಎಣ್ಣೆಯ ವಿಷಯ ಬಾಕಿಯಿದೆ. ಅಳಿಯನ ಆ ಸಲಹೆಯನ್ನು ಆ ರಾತ್ರಿ ಎಲ್ಲರೂ ನಕ್ಕು ಬಿಟ್ಟಿದ್ದೆವು. ಗಂಭೀರವಾಗಿ ಯಾರೂ ಖಂಡಿಸಲಿಲ್ಲ, ನಾನೂ ಖಂಡಿಸಲಿಲ್ಲ. ಸವೆದ ಎಂಜಿನ್ನಿಗೆ ದಪ್ಪ ಎಣ್ಣೆಯನ್ನೂ ಮೇಲೊಂದು ಡಬ್ಬಿ ಔಷಧಿಯನ್ನೂ ಹಾಕಿದರೆ ಕೆಲವು ದಿನ ಹೊಗೆ ಕಡಿಮೆಯಾಗಿ, ಸದ್ದು ಮೆತ್ತಗಾಗುತ್ತದೆ. ಕೊಳ್ಳಲು ಬಂದವನು ಒಂದು ಸುತ್ತು ಓಡಿಸಿ ಹಣ ಎಣಿಸುತ್ತಾನೆ. ಇದನ್ನು ಹುಶಾರಿ ಎನ್ನುತ್ತಾರೆ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ಹತ್ತಿದ ಘಟನೆಯನ್ನು ಹ. ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಮಳೆ ಬಿದ್ದು ನೆನೆದದ್ದು ಎಂದು ಮಾರುವವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಅವರು ಕಣ್ಣಿಗೆ ಕಂಡ ಒಣ ಕಾಳನ್ನು ನಂಬಿ ಮುಂದೆ ಹೋಗಲಿಲ್ಲ, ಕೈಯನ್ನು ರಾಶಿಯ ಒಳಗೆ ಇಳಿಸಿದರು. ನಾನು ಈ ಹದೀಸನ್ನು ಮಕ್ಕಳಿಗೆ ಹತ್ತಾರು ಸಲ ಪಾಠ ಮಾಡಿದ್ದೇನೆ, ಪ್ರತಿ ಸಲವೂ ಮಾರುವವನ ಕಡೆಯಿಂದ. ಕೈ ಒಳಗೆ ಇಳಿಸಿದ್ದು ಗ್ಯಾರೇಜಿನಲ್ಲಿ ಕೂತ ಮೇಲೆ ನನ್ನ ಗಮನಕ್ಕೆ ಬಂತು.

ಹೊಸದಾಗಿ ಕೂರಿಸಿದ ಎಂಜಿನ್ನಿಗೂ ಹಿರಿಯ ಮಿಸ್ತ್ರಿಯವರು ಲೈನರ್, ಪಿಸ್ಟನ್ ಹಾಕಿಕೊಟ್ಟರು. ಮೊದಲ ಕೆಲವು ದಿನ ಅರ್ಧ ಭರ್ತಿ, ನಿಧಾನ ಓಟ, ಬೇಗನೆ ಮೊದಲ ಎಣ್ಣೆ ಬದಲಾವಣೆ ಎಂದು ಷರತ್ತು ಹಾಕಿದರು. ಹಂಗಾಮಿನ ಕೊನೆ, ಕಾರ್ಖಾನೆಯ ಮುಂದೆ ಗಾಡಿಗಳ ಸಾಲು, ಎಲ್ಲರೂ ತಲೆ ಮೀರಿ ಹೇರುತ್ತಿದ್ದರು. ಭಾವ ಅರ್ಧ ಹೇರಿ ಹೋಗುವುದನ್ನು ಕಂಡು ಉಳಿದ ಡ್ರೈವರುಗಳು ಚೇಷ್ಟೆ ಮಾಡಿದರು. ಮನೆಗೆ ಬಂದು ನನ್ನ ಮುಂದೆ ಬೈದುಕೊಂಡರು, ಆದರೆ ಷರತ್ತು ಮುರಿಯಲಿಲ್ಲ.

ಕಳೆದ ವರ್ಷ ಮಗಳ ಮದುವೆ ಗೊತ್ತಾಯಿತು, ಗಾಡಿಯನ್ನು ಮಾರುವ ಯೋಚನೆ ಬಂತು. ಸವದತ್ತಿ ಕಡೆಯಿಂದ ಒಬ್ಬರು ನೋಡಲು ಬಂದರು. ಓಡಿಸಿ ನೋಡಿದರು, ಮೆಚ್ಚಿದರು, ಬೆಲೆಯೂ ಕುದುರಿತು. ಚಹಾ ಕುಡಿಯುವಾಗ ಭಾವ ಎದ್ದು ಹೋಗಿ ಆರ್.ಸಿ. ತಂದು, ಎಂಜಿನ್ ನಂಬರು ಬದಲಾದ ಜಾಗದ ಮೇಲೆ ಬೆರಳಿಟ್ಟು, “ಇದು ಮೂಲ ಎಂಜಿನ್ ಅಲ್ರಿ. ಮೊದಲಿಂದು ನಮ್ಮ ತಪ್ಪಿನಿಂದ ಒಡೀತು. ಇದನ್ನ ಹೆಡ್ ತಗದು ನೋಡ್ರಿ, ಮಿಸ್ತ್ರಿ ಕರಕೊಂಡ ಬರ್ರಿ,” ಎಂದರು. ಆ ಮನುಷ್ಯ ಕಾಗದವನ್ನು ಬಹಳ ಹೊತ್ತು ನೋಡಿದರು. ಮಿಸ್ತ್ರಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಎದ್ದವರು ತಿರುಗಿ ಬರಲಿಲ್ಲ. ಮದುವೆಗೆ ಅಕ್ಕನ ಉಳಿದ ಬಳೆಗಳು ಹೋದವು. ಅಳಿಯ ಈಗ ತಂದೆಯ ಜೊತೆ ಅದೇ ಗಾಡಿ ಓಡಿಸುತ್ತಾನೆ. ಮೊನ್ನೆ ಫಿಲ್ಟರ್ ಜಾಡಿಸುತ್ತ, “ಮಾಮು, ಅಂವಾ ಬರತಿದ್ದನೇನೋ, ಅಬ್ಬಾ ಅಷ್ಟ ಜಲ್ದಿ ಹೇಳಬಾರದಿತ್ತ,” ಎಂದ. ನಾನು ಏನೂ ಹೇಳಲಿಲ್ಲ. ಅವನು ಫಿಲ್ಟರಿನ ಹಿಂದಿನ ಪೈಪಿಗೆ ಬೆರಳು ಹಾಕಿ, ಧೂಳು ಇದೆಯೇ ಎಂದು ನೋಡುತ್ತಿದ್ದ.